ಫ್ರಾಂಚೈಸಿ ಹಿಡಿಯುವ ಮುನ್ನ ಲೆಕ್ಕ ಹಾಕುವುದು ಹೇಗೆ?

ಚಹಾ, ಬಿರಿಯಾನಿ, ಐಸ್‌ಕ್ರೀಂ, ಯಾವುದರ ಫ್ರಾಂಚೈಸಿಯೇ (ಕಂಪನಿಯೊಂದರ ಹೆಸರಿನಲ್ಲಿ ಮಳಿಗೆ ನಡೆಸುವ ಹಕ್ಕು) ಆಗಲಿ, ಬಳ್ಳಾರಿ, ರಾಯಚೂರು, ಕೊಪ್ಪಳಗಳಲ್ಲಿ ಅದನ್ನು ಹಿಡಿದು ಕೈಸುಟ್ಟುಕೊಂಡವರಲ್ಲಿ ಹಲವರು ಎಡವಿದ್ದು ಅಂಗಡಿ ನಡೆಸುವುದರಲ್ಲಲ್ಲ, ಸಹಿಗೆ ಮುಂಚಿನ ಲೆಕ್ಕದಲ್ಲಿ. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ವ್ಯವಹಾರವೆಲ್ಲ ಮುಖ್ಯವಾಗಿ 1872ರ ಕರಾರು ಕಾಯ್ದೆಯಡಿ ನಡೆಯುವುದರಿಂದ, ಬಾಯಿಮಾತಿನ ಭರವಸೆಯನ್ನು ನಂಬಿ ಕೂರುವಂತಿಲ್ಲ.

ಮೊದಲು ಹೆಸರು ಯಾರದೆಂದು ನೋಡಬೇಕು. ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಇದನ್ನು ಉಚಿತವಾಗಿ ಹುಡುಕಬಹುದು. ಫಲಕದ ಮೇಲೆ ‘ಟಿಎಂ’ ಎಂದಿದ್ದ ಮಾತ್ರಕ್ಕೆ ನೋಂದಣಿ ಆಗಿದೆ ಎಂದರ್ಥವಲ್ಲ. ಚಹಾಪುಡಿಗೆ 30ನೇ ವರ್ಗದಲ್ಲಿ ನೋಂದಣಿಯಾದ ಹೆಸರು ಹೋಟೆಲಿಗೆ ಬೇಕಾದ 43ನೇ ವರ್ಗದಲ್ಲಿ ಇಲ್ಲದಿರಲೂಬಹುದು.

ಎರಡನೆಯದು ಲೆಕ್ಕ, ಇದಕ್ಕೆ ಒಂದು ವಾರ ಹಿಡಿದರೂ ಹಿಡಿಯಲಿ. ಹೆಸರು ಬಳಸುವುದಕ್ಕೆ ಕಂಪನಿಗೆ ಕೊಡುವ ರಾಯಲ್ಟಿಯನ್ನು ಸಾಮಾನ್ಯವಾಗಿ ಲಾಭದ ಮೇಲಲ್ಲ, ಒಟ್ಟು ವ್ಯಾಪಾರದ ಮೇಲೆ ಕೊಡಬೇಕಾಗುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ಒಂದು ಚಹಾ-ತಿಂಡಿ ಮಳಿಗೆಯ ವ್ಯಾಪಾರ ತಿಂಗಳಿಗೆ 3 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಸಾಮಗ್ರಿಗೆ ಶೇ 45ರಂತೆ 1,35,000 ಹೋಗುತ್ತದೆ. ಶೇ 6 ರಾಯಲ್ಟಿ, ಶೇ 2 ಜಾಹೀರಾತು ನಿಧಿ ಸೇರಿ 24,000, ಅದರ ಮೇಲೆ ಶೇ 18 ಜಿಎಸ್‌ಟಿ 4,320. ಹೋಟೆಲಿನವರು ಗ್ರಾಹಕರಿಂದ ಶೇ 5 ಜಿಎಸ್‌ಟಿ ಪಡೆಯುವ ಪದ್ಧತಿಯಲ್ಲಿ ಹೂಡುವಳಿ ತೆರಿಗೆ (ನೀವು ಕೊಳ್ಳುವಾಗ ಕಟ್ಟಿದ ಜಿಎಸ್‌ಟಿ) ವಾಪಸು ಸಿಗದ ಕಾರಣ ಆ 4,320 ನಿಮ್ಮ ಜೇಬಿನದೇ. ಬಾಡಿಗೆ 35,000, ನಾಲ್ವರ ಸಂಬಳ 60,000, ಕರೆಂಟ್ ಬಿಲ್ 18,000 ಕಳೆದರೆ ಉಳಿಯುವುದು 23,680. ಹದಿನೈದು ಲಕ್ಷದ ಸಾಲವನ್ನು ಶೇ 11ರ ಬಡ್ಡಿಗೆ ಐದು ವರ್ಷಕ್ಕೆ ಪಡೆದಿದ್ದರೆ ಕಂತೇ ಸುಮಾರು 32,600 ಆಗುತ್ತದೆ! ಕಂಪನಿಯವರು ತೋರಿಸುವ ಹಾಳೆಯಲ್ಲಿ ಈ ಕಂತಾಗಲಿ, ನಿಮ್ಮ ಸ್ವಂತ ದುಡಿಮೆಯ ಕೂಲಿಯಾಗಲಿ ಇರುವುದು ಅಪರೂಪ.

ಆ 3 ಲಕ್ಷವೂ ಬೆಂಗಳೂರಿನ ಸರಾಸರಿಯಾಗಿದ್ದರೆ ಅದನ್ನು ಬದಿಗಿಡಿ. ಸಿರುಗುಪ್ಪ, ಗಂಗಾವತಿ, ಸಿಂಧನೂರುಗಳಲ್ಲಿ ಭತ್ತದ ದುಡ್ಡು ಕೈಸೇರಿದ ತಿಂಗಳ ವ್ಯಾಪಾರವೇ ಬೇರೆ, ತುಂಗಭದ್ರಾ ಕಾಲುವೆಗೆ ಎರಡನೇ ಬೆಳೆಯ ನೀರು ಬಾರದ ವರ್ಷದ ವ್ಯಾಪಾರವೇ ಬೇರೆ. ಚಿಕನ್ ಮಳಿಗೆಯಾದರೆ ಶ್ರಾವಣವನ್ನು, ರಾಯಚೂರಿನಲ್ಲಾದರೆ ಏಪ್ರಿಲ್-ಮೇ ಮಧ್ಯಾಹ್ನದ ಖಾಲಿ ರಸ್ತೆಯನ್ನೂ ಏರುವ ಎಸಿ ಬಿಲ್ಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಳಿಗ್ಗೆ ಒಗ್ಗರಣೆ-ಮಿರ್ಚಿ ಬಂಡಿಯ ಮುಂದೆ ನಿಲ್ಲುವವರು ನಿಮ್ಮ ಸ್ಯಾಂಡ್‌ವಿಚ್‌ಗೆ ಬರುತ್ತಾರೆಂದು ಬರೆದುಕೊಳ್ಳಬೇಡಿ.

ಈಗಾಗಲೇ ಮಳಿಗೆ ನಡೆಸುತ್ತಿರುವವರನ್ನು, ಸಾಧ್ಯವಾದರೆ ಮುಚ್ಚಿದವರನ್ನೂ ಮಾತನಾಡಿಸಿ; ಕಂಪನಿಯೇ ಕೊಟ್ಟ ಫೋನ್ ನಂಬರುಗಳು ಸಾಲವು.

‘ರಾಯಲ್ಟಿಯೇ ಇಲ್ಲ’ ಎನ್ನುವ ಅಗ್ಗದ ಕಿಯೋಸ್ಕ್‌ಗಳಿಂದ ದೂರವಿರುವುದೇ ಒಳ್ಳೆಯದು. ಅಲ್ಲಿ ಕಂಪನಿಯ ಗಳಿಕೆ ಹೆಚ್ಚಾಗಿ ಕಡ್ಡಾಯವಾಗಿ ಅವರಿಂದಲೇ ಕೊಳ್ಳಬೇಕಾದ ಪುಡಿ, ಕಪ್, ಮಸಾಲೆಗಳ ದರದಲ್ಲಿ ಅಡಗಿರುತ್ತದೆ. ಪ್ರತಿ ತಿಂಗಳು ಖಚಿತ ಆದಾಯ ಎಂಬ ಯೋಜನೆಗೂ, ವ್ಯಕ್ತಿಯೊಬ್ಬರ ಖಾತೆಗೆ ಮುಂಗಡ ಹಾಕಿಸಿಕೊಳ್ಳುವ ಏಜೆಂಟರಿಗೂ ಒಂದು ರೂಪಾಯಿ ಕೊಡಬೇಡಿ.

ಕೊನೆಗೆ ಕರಾರು. ಇದೇ ಊರಿನಲ್ಲಿ ಇನ್ನೊಂದು ಮಳಿಗೆ ಕೊಡುವುದಿಲ್ಲ ಎಂಬ ವ್ಯಾಪ್ತಿಯನ್ನು ಬಡಾವಣೆಯ ಹೆಸರು ಅಥವಾ ಕಿಲೋಮೀಟರ್ ಸಮೇತ ಬರೆಸಿ. ಆನ್‌ಲೈನ್ ಡೆಲಿವರಿಗೂ ಅದು ಅನ್ವಯಿಸುತ್ತದೆಯೇ ಎಂದು ಕೇಳಿ. ಮಧ್ಯದಲ್ಲಿ ಬಿಟ್ಟರೆ ಠೇವಣಿ ಎಷ್ಟು ದಿನದಲ್ಲಿ ಮರಳುತ್ತದೆ, ಯಂತ್ರಗಳನ್ನು ಯಾವ ದರಕ್ಕೆ ವಾಪಸು ಪಡೆಯುತ್ತಾರೆ ಎಂಬುದೂ ಅಂಕಿಯಲ್ಲಿರಬೇಕು. ವ್ಯಾಜ್ಯವನ್ನು ಗುರುಗ್ರಾಮದ ಮಧ್ಯಸ್ಥಿಕೆಯಲ್ಲೇ ಬಗೆಹರಿಸಿಕೊಳ್ಳಬೇಕೆಂಬ ಷರತ್ತಿದ್ದರೆ, ಎರಡು ಲಕ್ಷದ ಠೇವಣಿಗಾಗಿ ಕೊಪ್ಪಳದಿಂದ ಅಲ್ಲಿಗೆ ಓಡಾಡುವುದು ಗಿಟ್ಟುವುದಿಲ್ಲ. ಬಳ್ಳಾರಿ ಆಗದಿದ್ದರೆ ಬೆಂಗಳೂರನ್ನಾದರೂ ಬರೆಸಲು ಪಟ್ಟು ಹಿಡಿಯಿರಿ. ಭದ್ರತೆಗೆಂದು ಮೊತ್ತ ಬರೆಯದ ಚೆಕ್ ಕೇಳಿದರೆ ಕೊಡಬೇಡಿ, ಅದು ಬೌನ್ಸ್ ಆದರೆ ಚೆಕ್‌ಗಳಿಗೆ ಸಂಬಂಧಿಸಿದ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಆರೋಪಿಯಾಗುವವರು ನೀವೇ. ಕರಡನ್ನು ಮುಂಗಡ ಕೊಡುವ ಮೊದಲೇ ತರಿಸಿ ಸ್ಥಳೀಯ ವಕೀಲರಿಂದ ಓದಿಸಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪರವಾನಗಿ), ಟ್ರೇಡ್ ಲೈಸೆನ್ಸ್, ಜಿಎಸ್‌ಟಿ ನೋಂದಣಿಗಳನ್ನು ಸಹಿಯಾದ ಮೇಲೆ, ಮಳಿಗೆ ತೆರೆಯುವ ಮುನ್ನ ಮಾಡಿಸಿದರಾಯಿತು.