ಹೊಸಬರಿಗೆ ಮಾರ್ಗದರ್ಶಿ: ಹಳೆ ಗುಡಿ, ಕೋಟೆ, ಮನೆ ನೋಡಲು ಯಾವಾಗ ಹೋಗಬೇಕು, ಹೇಗೆ ಹೋಗಬೇಕು

ವರ್ಗಾವಣೆಯಾಗಿಯೋ, ಮಕ್ಕಳ ಓದಿಗೆಂದೋ ಶಿವಮೊಗ್ಗಕ್ಕೆ ಬಂದವರು ಗ್ಯಾಸ್, ಶಾಲೆ, ಬಾಡಿಗೆ ಮನೆ ಎಲ್ಲ ಮುಗಿದ ಮೇಲೆ ನಮ್ಮ ಸಂಘದಲ್ಲಿ ಕೇಳುವ ಪ್ರಶ್ನೆ: ಭಾನುವಾರ ಎಲ್ಲಿಗೆ ಹೋಗೋದು? ಜೋಗದ ದಾರಿ ಎಲ್ಲರೂ ಹೇಳುತ್ತಾರೆ, ಅದಕ್ಕೆ ನಾವು ಬೇಕಿಲ್ಲ. ಇಲ್ಲಿ ಬರೆದಿರುವುದು ಜಿಲ್ಲೆಯ ಹಳೆ ಕಟ್ಟಡಗಳ ಬಗ್ಗೆ. ಅವನ್ನು ಖಾಲಿ ಇರುವಾಗ ನೋಡುವುದಕ್ಕಿಂತ, ಅಲ್ಲಿ ಪೂಜೆಯೋ ಜಾತ್ರೆಯೋ ಕಾರ್ಯಕ್ರಮವೋ ನಡೆಯುವಾಗ ಹೋಗುವುದು ಒಳ್ಳೆಯದು. ಆಗ ಕೇಳಿದ್ದಕ್ಕೆ ಉತ್ತರ ಹೇಳಲು ಊರವರೇ ಸಿಗುತ್ತಾರೆ.

ದಿನ ನೆನಪಿಟ್ಟುಕೊಳ್ಳಿ. ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ವಸ್ತುಸಂಗ್ರಹಾಲಯ ದಿನ, ನವೆಂಬರ್ 19ರಿಂದ 25ರವರೆಗೆ ಪರಂಪರೆ ಸಪ್ತಾಹ. ಚಿತ್ರ ಸ್ಪರ್ಧೆ, ಉಪನ್ಯಾಸ, ನಡಿಗೆ ಏನೇ ಇದ್ದರೂ ಹೆಚ್ಚಾಗಿ ಈ ದಿನಗಳ ಆಸುಪಾಸಿನಲ್ಲೇ ಇರುತ್ತದೆ. ಪೇಪರಿನ ಸ್ಥಳೀಯ ಪುಟದಲ್ಲಿ ‘ಇಂದಿನ ಕಾರ್ಯಕ್ರಮ’ ನೋಡುತ್ತಿರಿ. ಮಕ್ಕಳ ಶಾಲೆಯಲ್ಲಿ ಪಾರಂಪರಿಕ ಕೂಟ ಇದೆಯಾ ಅಂತಲೂ ಕೇಳಿ. ವೇದಿಕೆ ಭಾಷಣ ಸ್ವಲ್ಪ ಜಾಸ್ತಿಯೇ ಇರುತ್ತದೆ, ಸಹಿಸಿಕೊಳ್ಳಿ. ಅದು ಮುಗಿದ ಮೇಲೆ ಟೀ ಕುಡಿಯುತ್ತಾ ಹಿರಿಯರು ಹೇಳುವುದನ್ನು ಮಾತ್ರ ಬಿಡಬೇಡಿ.

ಪೇಟೆಯಲ್ಲೇ ಶುರು ಮಾಡುವುದಾದರೆ ತುಂಗಾ ದಂಡೆಯ ಶಿವಪ್ಪ ನಾಯಕ ಅರಮನೆ ಇದೆ. ಹೆಸರು 17ನೇ ಶತಮಾನದ ಕೆಳದಿ ಅರಸನದ್ದು, ಕಟ್ಟಡ ಹೈದರಾಲಿ ಕಾಲದ್ದು ಎನ್ನುವವರೂ ಇದ್ದಾರೆ. ಒಳಗಿನ ಮರದ ಕಂಬಗಳನ್ನು ನಿಧಾನಕ್ಕೆ ನೋಡಿ, ಆಮೇಲೆ ಅಂಗಳದಲ್ಲಿ ನಿಲ್ಲಿಸಿದ ವೀರಗಲ್ಲುಗಳ ಹತ್ತಿರ ಬನ್ನಿ. ಸರ್ಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಗಾಂಧಿ ಬಜಾರಿನಲ್ಲಿರುವ ದೇವಿಯ ತವರುಮನೆಯಿಂದ ಶುರುವಾಗುತ್ತದೆ. ಆ ದಿನ ಕಾರು ಮನೆಯಲ್ಲೇ ಇರಲಿ. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ.

ಸಾಗರಕ್ಕೆ ಹೋದರೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಇಕ್ಕೇರಿ, ಕೆಳದಿ ಎರಡೂ ಅಲ್ಲಿಂದ ಹತ್ತಿರ. ಇಕ್ಕೇರಿಯ ಅಘೋರೇಶ್ವರ ಗುಡಿಯಲ್ಲಿ ಎಲ್ಲರೂ ದೊಡ್ಡ ನಂದಿಯ ಮುಂದೆ ಫೋಟೊ ತೆಗೆದು ವಾಪಸ್ ಬಂದುಬಿಡುತ್ತಾರೆ. ನೀವು ಒಳಗೆ ಹೋಗಿ ನೆಲ ನೋಡಿ. ದೇವರಿಗೆ ನಮಸ್ಕರಿಸುವ ಕೆಳದಿ ಅರಸರ ಚಿತ್ರಗಳನ್ನು ಹಾಸುಗಲ್ಲಿನಲ್ಲೇ ಕೆತ್ತಿದ್ದಾರೆ. ಅವರಲ್ಲಿ ಒಬ್ಬನ ಕೈಕಾಲಿಗೆ ಬೇಡಿ. ಗರ್ಭಗುಡಿಯ ಪೀಠವನ್ನೂ ಗಮನಿಸಿ. ಸುತ್ತ 32 ದೇವಿಯರು ಕೂತಿರುವ ಆ ಪೀಠವೇ ಒಳಗಿನ ಮುಕ್ಕಾಲು ಪಾಲು ಜಾಗವನ್ನು ತುಂಬಿಕೊಂಡಿದೆ. ಕೆಳದಿಯಲ್ಲಿ ತಲೆ ಎತ್ತಿ ನೋಡಬೇಕು, ವೀರಭದ್ರ ಗುಡಿಯ ಚಾವಣಿಯಲ್ಲಿ ಗಂಡಭೇರುಂಡ ಇದೆ. ಅದೇ ಊರಿನಲ್ಲಿ ಗುಂಡಾ ಜೋಯಿಸರು ಕಟ್ಟಿ ಬೆಳೆಸಿದ ವಸ್ತುಸಂಗ್ರಹಾಲಯ ಈಗ ಕುವೆಂಪು ವಿಶ್ವವಿದ್ಯಾಲಯದ್ದು. ತಾಳೆಗರಿ, ತಾಮ್ರಪಟ ನೋಡುವ ಆಸೆ ಇದ್ದರೆ ಫೋನ್ ಮಾಡಿ ಹೋಗಿ.

ಈ ಭಾಗದ ಕಟ್ಟಡಗಳೆಂದರೆ ಬರೀ ಕಲ್ಲಿನವಲ್ಲ. ಸಾಗರ, ಸೊರಬ ಕಡೆಯ ದೀವರು ಎಂಬ ಸಮುದಾಯದವರ ಮನೆಗಳ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ, ಮದುವೆಯಲ್ಲಂತೂ ಬೇಕೇ ಬೇಕು. ಬಿಳಿಗೆ ಅಕ್ಕಿ ಹಿಟ್ಟು, ಕೆಂಪಿಗೆ ಕೆಮ್ಮಣ್ಣು, ಕಪ್ಪಿಗೆ ಕರಕಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಬ್ರಶ್ ಎಂದರೆ ಪುಂಡಿ ನಾರು. ಅದೇ ಕೈಗಳು ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಬರೆಯುತ್ತವೆ. ಬುಟ್ಟಿಗೆ ಸಗಣಿ ಸಾರಿಸಿ, ಒಣಗಿಸಿ, ಕೆಮ್ಮಣ್ಣು ಬಳಿದು, ಮೇಲೆ ಬಿಳಿ ಎಳೆ ಎಳೆಯುತ್ತಾರೆ. ಹುಣ್ಣಿಮೆಯ ದಿನ ಬೆಳಕು ಹರಿಯುವ ಮೊದಲೇ ಅದರಲ್ಲಿ ಕಡುಬು, ಸೊಪ್ಪುಗಳ ಹಚ್ಚಂಬಲಿ ಇಟ್ಟುಕೊಂಡು ಗದ್ದೆಗೆ ಹೊರಡುತ್ತಾರೆ. ದಸರಾ ಮುಗಿದ ಮೇಲೆ ಬರುವ ಹುಣ್ಣಿಮೆ ಅದು. ಪರಿಚಯದವರು ಯಾರಾದರೂ ಕರೆದರೆ ನಿದ್ದೆ ಬಿಟ್ಟು ಹೋಗಿ. ಕರೆಯದೆ ಕ್ಯಾಮೆರಾ ಹಿಡಿದು ಯಾರ ಗದ್ದೆಗೂ ಇಳಿಯಬೇಡಿ. ಅದು ಅವರ ಮನೆಯ ಪೂಜೆ, ಪ್ರದರ್ಶನ ಅಲ್ಲ.

ತೊಟ್ಟಿ ಮನೆ ಹೇಗಿರುತ್ತದೆ ಅಂತ ನೋಡಲು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಮನೆಗೆ ಹೋಗಬಹುದು. ಕುವೆಂಪು ಹುಟ್ಟಿದ ದಿನ ಡಿಸೆಂಬರ್ 29ಕ್ಕೆ ಅಲ್ಲಿ ಜನ ಸೇರುತ್ತಾರೆ. ಜನ ವಾಸವಿರುವ ಹಳೆ ಮನೆಗೆ ಹೋದಾಗ ಚಪ್ಪಲಿ ಜಗಲಿಯ ಕೆಳಗೇ ಬಿಡಿ. ‘ಆಸರಿಗೆ (ಕುಡಿಯಲು) ಏನು ಬೇಕು?’ ಅಂತ ಕೇಳಿದರೆ ಬೇಡ ಅನ್ನಬೇಡಿ, ಮಜ್ಜಿಗೆಯಾದರೂ ಕುಡಿಯಿರಿ. ಮಳೆಗಾಲದಲ್ಲಿ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದ್ದು ಕಂಡರೆ ‘ಗುಡಿಸಲಾ?’ ಅಂತ ಮಕ್ಕಳು ಕೇಳಬಹುದು. ಇರಚಲಿಗೆ ಮಣ್ಣಿನ ಗೋಡೆ ಕರಗದ ಹಾಗೆ ಮಾಡುವ ಉಪಾಯ ಅದು ಅಂತ ತಿಳಿಸಿ ಹೇಳಿ.

ಕವಲೇದುರ್ಗ ಮತ್ತು ನಗರ ಎಂಬ ಊರಿನ ಕೋಟೆಗಳಿಗೆ ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ಜೂನ್, ಜುಲೈನಲ್ಲಿ ಕಲ್ಲು ಜಾರುತ್ತದೆ, ಉಂಬಳ (ಜಿಗಣೆ) ಹತ್ತುತ್ತವೆ. ಹೋಗಲೇಬೇಕೆಂದರೆ ಜೇಬಿನಲ್ಲಿ ಉಪ್ಪಿನ ಪೊಟ್ಟಣ ಇರಲಿ. ಶಿರಾಳಕೊಪ್ಪದ ಹತ್ತಿರ ಹಳೆ ಗುಡಿಗಳಿರುವ ಬಳ್ಳಿಗಾವಿ, ತಾಳಗುಂದ ಬೇಸಿಗೆಯಲ್ಲಿ ಸುಡುತ್ತವೆ, ಬೆಳಗ್ಗೆ ಬೇಗ ತಲುಪಿ.

ಇಂಥ ಹಳೆ ಜಾಗಗಳ ಸ್ವಚ್ಛತೆಯ ಶ್ರಮದಾನಕ್ಕೆ ನಮ್ಮ ಜೊತೆ ಬರುವವರಿಗೆ ಕೈಗವಸು, ಟೋಪಿ ಸಾಕು. ಕಸ, ಕಳೆ ತೆಗೆಯುವುದಷ್ಟೇ ನಮ್ಮ ಕೆಲಸ. ಶಾಸನದ ಅಕ್ಷರ ಎದ್ದು ಕಾಣಲಿ ಅಂತ ಹಿಟ್ಟು, ಸುಣ್ಣ, ಎಣ್ಣೆ ತಿಕ್ಕಬೇಡಿ. ಓದುವ ಆಸಕ್ತಿ ಇದ್ದರೆ ಶಾಸನ ತಜ್ಞ ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ 7, 8ನೇ ಸಂಪುಟ ಹುಡುಕಿ. ಈ ಜಿಲ್ಲೆಯ ಶಾಸನಗಳು ಅಲ್ಲಿವೆ. ನಿಮ್ಮ ಊರಿನ ಕಲ್ಲೂ ಇರಬಹುದು.

ಸೈಟು ಕೊಳ್ಳುವವರಿಗೆ ಒಂದು ಮಾತು. ಕೇಂದ್ರ ಪುರಾತತ್ವ ಇಲಾಖೆ ಸಂರಕ್ಷಿಸಿದ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಮೊದಲೇ ಅನುಮತಿ ಬೇಕು. ಬ್ರೋಕರ್ ಇದನ್ನು ಹೇಳಲಿಕ್ಕಿಲ್ಲ, ಅಡ್ವಾನ್ಸ್ ಕೊಡುವ ಮೊದಲೇ ವಿಚಾರಿಸಿ. ಪಾಯ ತೋಡುವಾಗ ನಾಣ್ಯ, ವಿಗ್ರಹ ಸಿಕ್ಕರೆ ಕೆಲಸ ನಿಲ್ಲಿಸಿ ತಹಶೀಲ್ದಾರ್ ಕಚೇರಿಗೆ ತಿಳಿಸಿ.