ಕೆ99 ಅರ್ಜಿ ಬರೆಯುವ ಬಗೆ

ಅಮೆರಿಕದ ಎನ್‌ಐಎಚ್ (ರಾಷ್ಟ್ರೀಯ ಆರೋಗ್ಯ ಸಂಸ್ಥೆ) ಯುವ ಸಂಶೋಧಕರಿಗೆ ಕೊಡುವ ಕೆ99/ಆರ್00 ಅನುದಾನಕ್ಕೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಅನುಭವ 4 ವರ್ಷ ಮೀರಿರಬಾರದು. ಗ್ರೀನ್ ಕಾರ್ಡ್ ಬೇಕಿಲ್ಲ. ಅಲ್ಲಿರುವ ನಮ್ಮ ಹುಡುಗ ಹುಡುಗಿಯರೂ ಧೈರ್ಯವಾಗಿ ಹಾಕಬಹುದು. ಗರಿಷ್ಠ 2 ವರ್ಷ ಮಾರ್ಗದರ್ಶಕರ ಜತೆ (ಕೆ99), ಬೋಧಕ ಹುದ್ದೆ ಸಿಕ್ಕಮೇಲೆ 3 ವರ್ಷದವರೆಗೆ ಸ್ವಂತ ಪ್ರಯೋಗಾಲಯ (ಆರ್00).

ಮೊದಲು ಒಂದು ಪುಟದ ‘ಸ್ಪೆಸಿಫಿಕ್ ಏಮ್ಸ್’ (ಸಂಶೋಧನೆಯ ಗುರಿಗಳು) ಬರೆಯಿರಿ. ಎರಡು ಮೂರು ಗುರಿ ಸಾಕು. ಎರಡನೆಯದು ಮೊದಲನೆಯದರ ಫಲಿತಾಂಶಕ್ಕೇ ಜೋತುಬಿದ್ದಿದ್ದರೆ ಇಡೀ ಯೋಜನೆ ಕುಸಿಯುತ್ತದೆ. ಉದಾಹರಣೆಗೆ, ಇಲಿಗಳ ಮೇಲಿನ ಪ್ರಯೋಗವಾದರೆ “ಜೀನ್ ತೆಗೆದ ಇಲಿ ಹುಟ್ಟುವ ಮುಂಚೆಯೇ ಸತ್ತರೆ?” ಎಂದು ವಿಮರ್ಶಕರು ಕೇಳಿಯೇ ಕೇಳುತ್ತಾರೆ. ಒಂದೇ ಅಂಗಾಂಶದಲ್ಲಿ ಜೀನ್ ಅಳಿಸುವ ಪರ್ಯಾಯವನ್ನು ಅಲ್ಲೇ ಬರೆದಿಡಿ.

ಮಾರ್ಗದರ್ಶಕರ ಕೆಲಸದಿಂದ ನಿಮ್ಮದು ಎಲ್ಲಿ ಕವಲೊಡೆಯುತ್ತದೆ ಎಂಬುದು ಸ್ಪಷ್ಟವಾಗಿರಲಿ. ಒಳ್ಳೊಳ್ಳೆಯ ಅರ್ಜಿಗಳು ಎಡವುವುದು ಇಲ್ಲೇ.

ಶಿಫಾರಸು ಪತ್ರ 3ರಿಂದ 5. ಮಾರ್ಗದರ್ಶಕರದ್ದು ಈ ಲೆಕ್ಕಕ್ಕಿಲ್ಲ. ಗಡುವಿನೊಳಗೆ ಅವೂ ತಲುಪಬೇಕು, ಆರು ವಾರ ಮೊದಲೇ ಕೇಳಿ.