ಡಿಟ್ಟೋ ಹಾಕಲ್ಲ: ನನ್ನ ಸಣ್ಣಪುಟ್ಟ ಬಂಡಾಯಗಳು, ಮತ್ತೆ ಒಂದು ದೊಡ್ಡದು

ನಾನು ಜಗಳಗಂಟಿ ಅಲ್ಲ, ಇದನ್ನ ಮೊದಲೇ ಹೇಳ್ಬಿಡ್ತೀನಿ. ಯಾರಾದ್ರೂ ದನಿ ಏರಿಸಿದ್ರೆ ನನ್ನ ಕೈ ಬೆವರತ್ತೆ, ವಾದ ಮಾಡೋಕೆ ಹೋದ್ರೆ ಹೇಳ್ಬೇಕಾಗಿದ್ದ ಮಾತೆಲ್ಲ ರಾತ್ರಿ ಹಾಸಿಗೆ ಮೇಲೆ ಬಿದ್ಕೊಂಡಾಗ ನೆನಪಾಗತ್ತೆ. ಇಂಥೋಳು ಬಂಡಾಯದ ಬಗ್ಗೆ ಏನು ಬರೀತಾಳೆ ಅನ್ನಿಸಬಹುದು, ಆದ್ರೆ ಇದರ ಅಗತ್ಯ ಜಾಸ್ತಿ ಇರೋದು ನನ್ನಂಥವರಿಗೇ, ಬಾಯಿ ಜೋರಿರೋರು ಹೇಗೋ ದಾರಿ ಮಾಡ್ಕೋತಾರೆ. ನಾನು ಮಾಡಿದವು ಹೆಚ್ಚಿನವು ಎಷ್ಟು ಸಣ್ಣವು ಅಂದ್ರೆ ಪಕ್ಕದಲ್ಲಿ ಕೂತಿರೋರಿಗೂ ಗೊತ್ತಾಗಿಲ್ಲ. ಒಂದು ಮಾತ್ರ ದೊಡ್ಡದು, ಅದಕ್ಕೆ ಆಮೇಲೆ ಬರ್ತೀನಿ, ಯಾಕಂದ್ರೆ ಸಣ್ಣವನ್ನ ಮಾಡಿ ಅಭ್ಯಾಸ ಇಲ್ದೇ ಇದ್ರೆ ಆ ದೊಡ್ಡದು ನನ್ನ ಕೈಯಲ್ಲಿ ಆಗ್ತಿರ್ಲಿಲ್ಲ.

ಶುರುವಾಗಿದ್ದು ಹಾಜರಿ ಪುಸ್ತಕದಿಂದ. ಆಗ ನಾನಿದ್ದ ಕಂಪನೀಲಿ ಒಳಗೆ ಬಂದ ಟೈಮು, ಹೊರಗೆ ಹೋದ ಟೈಮು ಎರಡೂ ಕೈಯಲ್ಲೇ ಬರೀಬೇಕಿತ್ತು. ಸಂಜೆ 6ಕ್ಕೆ ಡ್ಯೂಟಿ ಮುಗೀಬೇಕು, ಆದ್ರೆ ಯಾರೂ 6ಕ್ಕೆ ಹೊರಡ್ತಿರ್ಲಿಲ್ಲ, ಎಂಟು ಎಂಟೂವರೆ ಮಾಮೂಲು. ಪುಸ್ತಕದಲ್ಲಿ ಮಾತ್ರ ಮೊದಲನೇ ಹೆಸರಿನ ಮುಂದೆ 6:00 ಅಂತ ಬರೆದಿರೋದು, ಅದರ ಕೆಳಗೆ ಪುಟದ ಕೊನೇ ತನಕ ಡಿಟ್ಟೋ, ಎರಡೆರಡು ಸಣ್ಣ ಗೀಟು, ಕೆಲವರಂತೂ ಒಂದೇ ಉದ್ದ ಗೆರೆ ಎಳೆದುಬಿಡೋರು. ಓಟಿ ಕೇಳೋ ಮಾತೇ ಇಲ್ಲ, ಲೆಕ್ಕದ ಪ್ರಕಾರ ನಾವೆಲ್ಲ ಆರಕ್ಕೇ ಮನೆಗೆ ಹೋಗಿದ್ದೀವಲ್ಲ! ಒಂದು ದಿನ ನನ್ನ ಹೆಸರಿನ ಮುಂದೆ 8:20 ಅಂತ ಬರೆದೆ. ಕೋಪ ಬಂದಿತ್ತು ಅಂತಲೂ ಅಲ್ಲ, ಗೋಡೆ ಗಡಿಯಾರ ನೋಡ್ದೆ, 8:20 ಆಗಿತ್ತು, ಬರೆದೆ.

ಆಮೇಲೆ ಆಗಿದ್ದು ಮಜಾ. ನನ್ನ ಕೆಳಗಿನ ಹೆಸರಿನವರು ಪೆನ್ನು ಹಿಡ್ಕೊಂಡು ನಿಂತೇಬಿಟ್ರು. ಡಿಟ್ಟೋ ಹಾಕಿದ್ರೆ ಅದು 8:20 ಅಂತಾಗತ್ತೆ, ಹಾಕದೇ ಇದ್ರೆ 6:00 ಅಂತ ತಾವೇ ಅಂಕಿ ಬರೀಬೇಕು, ಅಂದ್ರೆ ಅಲ್ಲೀವರೆಗೂ ಎರಡು ಗೀಟಲ್ಲಿ ಮುಗೀತಿದ್ದ ಸುಳ್ಳನ್ನ ಈಗ ಪೂರ್ತಿ ಬಿಡಿಸಿ ಬರೀಬೇಕು. ಅವರು ನನ್ನ ಮುಖ ನೋಡಿದ್ರು, ನಾನು ಬ್ಯಾಗಲ್ಲಿ ಏನೋ ಹುಡುಕೋ ಥರ ಮಾಡ್ದೆ. ಕೊನೆಗೆ 6:00 ಅಂತಲೇ ಬರೆದ್ರು. ಆದ್ರೆ ಸ್ವಲ್ಪ ದಿನ ಆದ್ಮೇಲೆ ಅದೇ ಪುಟದಲ್ಲಿ ಇನ್ಯಾರದ್ದೋ ಕೈಬರಹದಲ್ಲಿ 8:30 ಅಂತ ಕಾಣಿಸ್ಕೊಳ್ತು, ಮತ್ತೆ ಇನ್ನೊಂದು. ಓಟಿ ಬಂತಾ ಅಂತ ಕೇಳಿದ್ರೆ, ಇಲ್ಲ. ಪುಸ್ತಕಾನೇ ತೆಗೆದು ಬೆರಳು ಒತ್ತೋ ಮಷೀನ್ ತಂದಿಟ್ರು. ಬೆರಳಿಗೆ ಡಿಟ್ಟೋ ಇಲ್ಲ, ಸೋ ನನಗೇನೂ ಬೇಜಾರಿಲ್ಲ.

ತುಂಬಾ ಆಮೇಲೆ ಸಾಲಮನ್ ಆಶ್ ಅನ್ನೋ ಮನಶ್ಶಾಸ್ತ್ರಜ್ಞ 1950ರ ದಶಕದ ಶುರುವಲ್ಲಿ ಮಾಡಿದ್ದ ಪ್ರಯೋಗದ ಬಗ್ಗೆ ಓದ್ದೆ, ಓದ್ತಾ ಓದ್ತಾ ಆ ಪುಸ್ತಕಾನೇ ಕಣ್ಮುಂದೆ ಬಂತು. ಒಂದು ಗೆರೆ ತೋರಿಸಿ, ಈ ಮೂರು ಗೆರೇಲಿ ಅದರಷ್ಟೇ ಉದ್ದ ಇರೋದು ಯಾವುದು ಅಂತ ಕೇಳೋದು, ಮಗು ಕೂಡ ಹೇಳೋ ಅಂಥದ್ದು. ಆದ್ರೆ ರೂಮಲ್ಲಿ ಒಬ್ಬನನ್ನ ಬಿಟ್ಟು ಉಳಿದೋರೆಲ್ಲ ಆಶ್ ಕಡೆಯವರು, ಬೇಕಂತಲೇ ಎಲ್ಲರೂ ಒಂದೇ ತಪ್ಪು ಉತ್ತರ ಹೇಳ್ತಾರೆ. ಪಾಪ ಆ ಒಬ್ಬ, ಕಣ್ಣಿಗೆ ಸರಿ ಕಾಣ್ತಿದ್ರೂ, ಸುಮಾರು ಮೂರನೇ ಒಂದು ಭಾಗದಷ್ಟು ಸಲ ಗುಂಪಿನ ಜೊತೆಗೇ ಹೋಗಿಬಿಡ್ತಾನೆ. ಆದ್ರೆ ಆ ಗುಂಪಲ್ಲಿ ಒಬ್ಬೇ ಒಬ್ಬ ಸರಿಯಾದ ಉತ್ತರ ಹೇಳಿದ್ರೆ ಸಾಕು, ಈ ಸೋಲೋದು ಎಷ್ಟೋ ಪಾಲು ಕಮ್ಮಿ ಆಗತ್ತೆ. ನಾನು ಇದನ್ನ ಹೇಗೆ ಬಳಸ್ಕೊಂಡೆ ಅಂದ್ರೆ, ಮೀಟಿಂಗಲ್ಲಿ ಯಾರಾದ್ರೂ ಒಬ್ಬರೇ ಎದ್ದು "ಇದು ಸರಿ ಇಲ್ಲ" ಅಂದಾಗ ಎರಡನೇ ದನಿ ಆಗೋದು. ಮೊದಲನೆಯೋಳಾಗೋ ಧೈರ್ಯ ಎಲ್ಲಾ ದಿನ ಇರಲ್ಲ, "ನನಗೂ ಹಾಗೇ ಅನ್ಸತ್ತೆ" ಅನ್ನೋಕೆ ಅಷ್ಟೊಂದು ಧೈರ್ಯ ಬೇಡ, ಆದ್ರೆ ಅದರ ಬೆಲೆ ಮೊದಲನೇ ಮಾತಿನಷ್ಟೇ ಇದೆ. ಮೀಟಿಂಗ್ ಮುಗಿದ್ಮೇಲೆ ಹೊರಗೆ ಬಂದು ಕಿವೀಲಿ "ನೀವು ಹೇಳಿದ್ದು ಕರೆಕ್ಟು ಕಣ್ರೀ" ಅನ್ನೋರು ಬೇಕಾದಷ್ಟು ಜನ ಸಿಗ್ತಾರೆ, ಅವರನ್ನ ಕಂಡ್ರೆ ನನಗೆ ಆಗಲ್ಲ.

ಇನ್ನೊಂದು ನಾನು ಕಷ್ಟಪಟ್ಟು ಕಲಿತಿದ್ದು, ಕಾರಣ ಕೊಡದೇ ಇರೋದು. ನಮ್ಮಲ್ಲಿ ಬಹಳ ಜನಕ್ಕೆ ಆಗಲ್ಲ ಅನ್ನೋಕೆ ಒಂದು ಸುಳ್ಳು ಬೇಕು, ಹುಷಾರಿಲ್ಲ, ಯಾರೋ ಬರ್ತಿದಾರೆ, ಗಾಡಿ ಕೆಟ್ಟಿದೆ. ಕಾರಣ ಕೊಟ್ಟ ತಕ್ಷಣ ಎದುರಿನವರು ಆ ಕಾರಣವನ್ನ ಬಿಡಿಸೋಕೆ ಕೂತ್ಕೋತಾರೆ. ಗಾಡಿ ಕೆಟ್ಟಿದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ ಅಂತಾರೆ, ಆವಾಗ ಏನು ಮಾಡ್ತೀರಾ? ರಜೆ ದಿನ ಕೆಲಸಕ್ಕೆ ಬಾ ಅಂತ ಫೋನ್ ಬಂದಾಗ ನಾನು ಇದನ್ನ ಮೊದಲು ಪ್ರಯೋಗ ಮಾಡಿದ್ದು.

"ಮೇಡಂ, ನಾಳೆ ಒಂದರ್ಧ ದಿನ ಬಂದ್ಬಿಡಿ."

"ಇಲ್ಲ ಸಾರ್, ನಾಳೆ ಆಗಲ್ಲ."

"ಯಾಕೆ, ಎಲ್ಲಾದ್ರೂ ಹೋಗ್ತಿದೀರಾ?"

"ಇಲ್ಲ ಸಾರ್."

"ಮತ್ತೆ?"

"ನಾಳೆ ಬರೋಕಾಗಲ್ಲ ಸಾರ್."

ಅಷ್ಟು ಹೇಳಿ ಸುಮ್ನಾದೆ. ಆ ಸುಮ್ನಿರೋದಿದ್ಯಲ್ಲ, ಅದೇ ಅಸಲಿ ಕೆಲಸ. ಕಿವಿ ಬಿಸಿ ಆಗತ್ತೆ, ಫೋನಲ್ಲಿ ಅವರು ಉಸಿರಾಡೋದು ಕೇಳತ್ತೆ, ಏನಾದ್ರೂ ಹೇಳಿ ಆ ಖಾಲಿ ಜಾಗ ತುಂಬ್ಬಿಡೋಣ ಅನ್ಸತ್ತೆ. ತುಂಬ್ಲಿಲ್ಲ. ಅವರೇ "ಸರಿ ಬಿಡಿ, ನೋಡ್ತೀನಿ" ಅಂದ್ರು. ನಂಬಿ, ಇಟ್ಟ ಮೇಲೆ ಕೈ ನಡುಗ್ತಿತ್ತು, ಏನೋ ಕಳ್ಳತನ ಮಾಡಿದ ಹಾಗೆ.

ಈ ನಡುಕ ನನ್ನೊಬ್ಬಳದ್ದೇ ಅಲ್ಲ ಅಂತ ಗೊತ್ತಾಗಿದ್ದು ಸ್ಟ್ಯಾನ್ಲಿ ಮಿಲ್ಗ್ರಾಮ್ ಅನ್ನೋ ಇನ್ನೊಬ್ಬ ಮನಶ್ಶಾಸ್ತ್ರಜ್ಞನ ಬಗ್ಗೆ ಓದಿದಾಗ. 1970ರ ದಶಕದಲ್ಲಿ ಈತ ತನ್ನ ವಿದ್ಯಾರ್ಥಿಗಳನ್ನ ನ್ಯೂಯಾರ್ಕ್ ಸಬ್‌ವೇ ಮೆಟ್ರೋ ರೈಲಿಗೆ ಕಳಿಸಿ, ಕೂತಿರೋರ ಹತ್ರ ಹೋಗಿ ಸುಮ್ನೆ "ನಿಮ್ಮ ಸೀಟು ಕೊಡ್ತೀರಾ" ಅಂತ ಕೇಳಿ ಅಂದ. ಕಾರಣ ಹೇಳೋ ಹಾಗಿಲ್ಲ. ಕೇಳಿದವರಲ್ಲಿ 68% ಜನ ಎದ್ದು ಸೀಟು ಬಿಟ್ರು ಅಥವಾ ಸರಿದು ಜಾಗ ಕೊಟ್ರು. "ನಿಂತ್ಕೊಂಡು ಪುಸ್ತಕ ಓದೋಕಾಗಲ್ಲ" ಅಂತ ಒಂದು ಚಿಲ್ಲರೆ ಕಾರಣ ಸೇರಿಸಿದಾಗ ಅದು 42%ಗೆ ಇಳೀತು! ಕಾರಣ ಕೊಟ್ರೆ ಕಮ್ಮಿ ಜನ ಒಪ್ಪಿದ್ರು. ಬಹುಶಃ ಆ ಕಾರಣ ಕೇಳಿದ ಕೂಡ್ಲೇ ಇದೂ ಒಂದು ಕಾರಣಾನಾ ಅಂತ ತೂಗೋಕೆ ಟೈಮ್ ಸಿಕ್ತು ಅಂತ ಕಾಣತ್ತೆ. ಅಲ್ಲಿದ್ದದ್ದು ಕೇಳೋದು, ನಂದು ನಿರಾಕರಿಸೋದು, ಎರಡೂ ಒಂದೇ ಅಲ್ಲ ಗೊತ್ತು, ಆದ್ರೂ ಲಾಜಿಕ್ ನನಗೆ ಪಕ್ಕಾ ಹೊಂದತ್ತೆ. ಅದಕ್ಕಿಂತ ನನಗೆ ಇಷ್ಟ ಆಗಿದ್ದು, ಮಿಲ್ಗ್ರಾಮ್ ತಾನೇ ಕೇಳೋಕೆ ಹೋದಾಗ ಮಾತು ಗಂಟಲಲ್ಲಿ ಸಿಕ್ಕಿಹಾಕ್ಕೊಳ್ತಂತೆ, ಸೀಟು ಸಿಕ್ಕಿ ಕೂತ ಮೇಲೆ ತಲೆ ತಗ್ಗಿಸಿ ಹುಷಾರಿಲ್ದೋನ ಥರ ಆಡಿದ್ನಂತೆ. ಇಡೀ ಜಗತ್ತಿಗೆ ವಿಧೇಯತೆ ಬಗ್ಗೆ ಪಾಠ ಹೇಳಿದ ಮನುಷ್ಯನ ಕಥೆಯೇ ಹೀಗೆ, ಇನ್ನು ನಮ್ಮದೇನು.

ಉಳಿದ ಸಣ್ಣವನ್ನ ಬೇಗ ಹೇಳ್ಬಿಡ್ತೀನಿ. ಯಾವ ಫಾರಂ ಆದ್ರೂ ಪೂರ್ತಿ ಓದಿಯೇ ಸೈನ್ ಹಾಕೋದು, ಕೌಂಟರಲ್ಲಿರೋರು ಪೆನ್ನಿನ ಕ್ಯಾಪ್ ಟಕಟಕ ಅನ್ನಿಸ್ತಾ ಇದ್ರೂ, ಹಿಂದಿನ ಕ್ಯೂ ಲೊಚಗುಟ್ಟಿದ್ರೂ. ಮೊದಮೊದಲು ಓದೋ ಹಾಗೆ ನಿಂತಿರ್ತಿದ್ದೆ ಅಷ್ಟೇ, ಗಾಬರೀಲಿ ಒಂದಕ್ಷರ ತಲೆಗೆ ಹೋಗ್ತಿರ್ಲಿಲ್ಲ. ಈಗ ಹೋಗತ್ತೆ. ರಾತ್ರಿ ಬಂದ ಆಫೀಸ್ ಮೆಸೇಜಿಗೆ ಬೆಳಿಗ್ಗೆ ಉತ್ತರ. ನಗು ಬರದ ಜೋಕಿಗೆ, ಅದ್ರಲ್ಲೂ ಯಾರದ್ದೋ ಮೈಬಣ್ಣ, ದಪ್ಪ ಸಣ್ಣದ ಮೇಲೆ ಮಾಡೋ ಜೋಕಿಗೆ ನಗದೇ ಇರೋದು. ಇದು ಮಾತ್ರ ಭಯಂಕರ ಕಷ್ಟ, ತುಟಿ ತಾನಾಗೇ ಹೋಗಿಬಿಡತ್ತೆ.

ಒಂದು ಎಚ್ಚರಿಕೆ. ಬೇಡ ಅಂದಿದ್ದಕ್ಕೇ ಮಾಡೋದನ್ನ ನಾನು ಬಂಡಾಯದ ಲೆಕ್ಕಕ್ಕೆ ತಗೊಳಲ್ಲ. ಜ್ಯಾಕ್ ಬ್ರೆಮ್ ಅನ್ನೋ ಮನಶ್ಶಾಸ್ತ್ರಜ್ಞರು 1966ರಲ್ಲಿ ಇದಕ್ಕೊಂದು ಸಿದ್ಧಾಂತವನ್ನೇ ಕೊಟ್ಟಿದಾರೆ, ಆಯ್ಕೆ ಕಿತ್ಕೊಂಡ್ರೆ ಕಿತ್ಕೊಂಡಿದ್ದೇ ಬೇಕು ಅನ್ಸತ್ತೆ ಅಂತ. ನಮ್ಮ ಮನೆ ಹುಡುಗ ತಲೆ ಬಾಚ್ಕೋ ಅಂದ್ರೆ ಕೆದರ್ಕೊಂಡು ಹೋಗ್ತಾನೆ, ಅಂದ್ರೆ ಅವನ ತಲೆಕೂದಲು ಇನ್ನೂ ನಮ್ಮ ಮಾತಿನ ಪ್ರಕಾರವೇ ನಡೀತಿದೆ, ಉಲ್ಟಾ ದಿಕ್ಕಲ್ಲಿ ಅಷ್ಟೇ. ನಾನು ಕೇಳ್ಕೊಳೋ ಪ್ರಶ್ನೆ ಒಂದೇ, ಯಾರೂ ತಡೀದೇ ಇದ್ರೂ, ಯಾರೂ ನೋಡದೇ ಇದ್ರೂ ನಾನು ಇದನ್ನ ಮಾಡ್ತಿದ್ನಾ? ಗಡಿಯಾರದ ಟೈಮ್ ಬರೀತಿದ್ದೆ. ಹಾಗಾದ್ರೆ ಸರಿ.

ಈಗ ದೊಡ್ಡದು. ನಾನು ಬಿಡಿಭಾಗಗಳ ತಪಾಸಣೆ ವಿಭಾಗದಲ್ಲಿದ್ದೆ, ಇದು ಬೇರೆ ಕಂಪನಿ, ಹೆಸರು ಬೇಡ. ಮಾಡದೇ ಇರೋ ಟೆಸ್ಟನ್ನ ಮಾಡಿದ್ದೀವಿ ಅಂತ, ಹಿಂದಿನ ತಾರೀಖು ಹಾಕಿ ರಿಪೋರ್ಟಿಗೆ ಸೈನ್ ಮಾಡೋ ಪದ್ಧತಿ ನಿಧಾನಕ್ಕೆ ಶುರುವಾಗಿತ್ತು. ನನ್ನ ಟೇಬಲ್ಲಿಗೂ ಒಂದು ದಿನ ಬರತ್ತೆ ಅಂತ ಗೊತ್ತಿತ್ತು. ಗೊತ್ತಿದ್ದಿದ್ದೇ ದೊಡ್ಡ ಅನುಕೂಲ, ತಯಾರಿ ಮಾಡ್ಕೊಂಡೆ.

ತಯಾರಿ ಅಂದ್ರೆ ಬಂಡಾಯಕ್ಕೆ ಕಳೆ ಕಮ್ಮಿ ಅಂತ ಕೆಲವರು ಅಂದ್ಕೋತಾರೆ. ಅಮೆರಿಕದ ರೋಸಾ ಪಾರ್ಕ್ಸ್ ಕಥೇನೂ ಹಾಗೇ ಹೇಳ್ತಾರೆ, ಕೆಲಸ ಮಾಡಿ ಸುಸ್ತಾದ ಕಪ್ಪು ಹೆಂಗಸು ಬಸ್ಸಲ್ಲಿ ಬಿಳಿಯರಿಗೆ ಸೀಟು ಬಿಟ್ಟು ಏಳಲ್ಲ ಅಂದ್ಲು ಅಂತ. ಸುಸ್ತಾಗಿರ್ಲಿಲ್ಲ ಅಂತ ಅವರೇ ಹೇಳಿದಾರೆ. 1955ರ ಡಿಸೆಂಬರ್ 1ಕ್ಕೆ ಅವರಿಗೆ 42 ವರ್ಷ, 1943ರಲ್ಲೇ ಮಾಂಟ್‌ಗೊಮೆರಿಯಲ್ಲಿ ಎನ್‌ಎಎಸಿಪಿ ಅನ್ನೋ ಕಪ್ಪು ಜನರ ಹಕ್ಕಿನ ಸಂಘದ ಶಾಖೆಗೆ ಕಾರ್ಯದರ್ಶಿ ಆದೋರು, 1955ರ ಬೇಸಿಗೇಲಿ ಟೆನೆಸ್ಸಿಯ ಹೈಲ್ಯಾಂಡರ್ ಫೋಕ್ ಸ್ಕೂಲಲ್ಲಿ ಇಂಥ ಹೋರಾಟದ ಬಗ್ಗೇನೇ ನಡೆದ ಶಿಬಿರಕ್ಕೆ ಹೋಗಿ ಬಂದಿದ್ರು. ಅವರಿಗಿಂತ ಒಂಬತ್ತು ತಿಂಗಳು ಮುಂಚೆ ಅದೇ ಊರಲ್ಲಿ ಕ್ಲಾಡೆಟ್ ಕೋಲ್ವಿನ್ ಅನ್ನೋ 15 ವರ್ಷದ ಹುಡುಗಿ ಸೀಟು ಬಿಡದೇ ಅರೆಸ್ಟ್ ಆಗಿದ್ಲು, ಬಸ್ಸಲ್ಲಿ ಬಿಳಿಯರನ್ನೂ ಕಪ್ಪು ಜನರನ್ನೂ ಬೇರ್ಪಡಿಸೋ ಕಾನೂನನ್ನ 1956ರಲ್ಲಿ ಬೀಳಿಸಿದ ಕೇಸಲ್ಲಿ ಅವಳೂ ಒಬ್ಬ ಫಿರ್ಯಾದಿ. ಊರಿನ ಕಪ್ಪು ಜನ 381 ದಿನ ಬಸ್ ಹತ್ತಲಿಲ್ಲ. ಇದ್ಯಾವುದೂ ತಟ್ಟಂತ ಆಗಿದ್ದಲ್ಲ. ಅವರ ಮುಂದೆ ನಂದು ಯಾವ ಲೆಕ್ಕಾನೂ ಅಲ್ಲ, ಆದ್ರೆ ತಯಾರಿ ಮಾಡೋಕೆ ನಾಚಿಕೆ ಪಡಬೇಕಿಲ್ಲ ಅನ್ನೋದನ್ನ ಅಲ್ಲಿಂದ ತಗೊಂಡೆ.

ನಾನು ಮಾಡಿದ್ದು ಇಷ್ಟು. ಕೆಲಸ ಹೋದ್ರೂ ಕೆಲವು ತಿಂಗಳು ಮನೆ ನಡೆಯೋ ಅಷ್ಟು ದುಡ್ಡು ಪಕ್ಕಕ್ಕಿಟ್ಟೆ, ಅದಾಗೋ ತನಕ ಬಾಯಿ ಬಿಡ್ಲಿಲ್ಲ. ಸಾಲ ತೀರಿಸೋದು ತಲೆ ಮೇಲೆ ಇರೋರಿಗೆ ನೀವೂ ಎದುರು ನಿಲ್ಲಿ ಅಂತ ನಾನು ಯಾವತ್ತೂ ಹೇಳಲ್ಲ. ಆಮೇಲೆ ಹೇಳ್ಬೇಕಾದ ಮಾತನ್ನ ಚೀಟೀಲಿ ಬರೆದೆ, "ನಾನು ಮಾಡಿಸದ ಟೆಸ್ಟಿಗೆ ನಾನು ಸೈನ್ ಹಾಕಲ್ಲ ಸಾರ್. ಟೆಸ್ಟ್ ಮಾಡೋಣ, ಇವತ್ತಿನ ತಾರೀಖಿಗೆ ಹಾಕ್ತೀನಿ." ಕನ್ನಡಿ ಮುಂದೆ ಹೇಳಿ ಹೇಳಿ ನಾಲಿಗೆಗೆ ರೂಢಿ ಮಾಡಿಸಿದೆ. ಮೂರನೇದು, ಜೊತೆಗೆ ಕೆಲಸ ಮಾಡೋ ಒಬ್ಬರ ಹತ್ರ ಮುಂಚೆನೇ ಮಾತಾಡ್ದೆ. ಮಿಲ್ಗ್ರಾಮ್ 1960ರ ದಶಕದ ಶುರುವಲ್ಲಿ ಮಾಡಿದ ಆ ಶಾಕ್ ಪ್ರಯೋಗ ಎಲ್ಲರಿಗೂ ಗೊತ್ತು, ಇನ್ನೊಬ್ಬ ತಪ್ಪು ಉತ್ತರ ಹೇಳಿದಾಗೆಲ್ಲ ಅವನಿಗೆ ಹೆಚ್ಚು ಹೆಚ್ಚು ಕರೆಂಟ್ ಶಾಕ್ ಕೊಡಿ ಅನ್ನೋದು, 40ರಲ್ಲಿ 26 ಜನ ಹೇಳಿದ ಹಾಗೆ ಕೇಳ್ತಾ 450 ವೋಲ್ಟ್ ತನಕ ಹೋದ್ರು. ಶಾಕ್ ನಿಜದ್ದಲ್ಲ, ಅವರಿಗೆ ಅದು ಗೊತ್ತಿರ್ಲಿಲ್ಲ. ಜನ ಅಷ್ಟಕ್ಕೇ ಕಥೆ ನಿಲ್ಲಿಸ್ತಾರೆ. ಪಕ್ಕದಲ್ಲಿ ಕೂತ ಇಬ್ಬರು ಮಧ್ಯದಲ್ಲೇ ನಾವು ಮಾಡಲ್ಲ ಅಂತ ಎದ್ದಾಗ ಕೊನೇ ತನಕ ಹೋದವರು 40ರಲ್ಲಿ ಬರೀ 4 ಜನ. ನಾನು ಆ ಸಹೋದ್ಯೋಗಿಗೆ ನೀವೂ ಸೈನ್ ಹಾಕ್ಬೇಡಿ ಅಂತ ಕೇಳ್ಲಿಲ್ಲ, ನಾನು ಹಾಕಲ್ಲ, ನಿಮಗೆ ಗೊತ್ತಿರ್ಲಿ ಅಂದೆ ಅಷ್ಟೇ.

ದಿನ ಬಂತು. ಫೈಲು ತೆರೆದು, ಸೈನ್ ಮಾಡೋ ಜಾಗದಲ್ಲಿ ಪೆನ್ಸಿಲಲ್ಲಿ ಸಣ್ಣ ಗುರುತು ಹಾಕಿ ನನ್ನ ಮುಂದೆ ಇಟ್ರು, ತಾರೀಖು ಆಗ್ಲೇ ಟೈಪ್ ಆಗಿತ್ತು. ಚೀಟೀಲಿದ್ದ ಮಾತು ಹೇಳ್ದೆ. ಮೊದಲು ನಕ್ರು. ಆಮೇಲೆ ಡಿಸ್ಪ್ಯಾಚ್ ಲೇಟಾಗತ್ತೆ ಅಂದ್ರು, ಆಮೇಲೆ ಎಲ್ಲರೂ ಮಾಡ್ತಾರಲ್ಲಮ್ಮ ಅಂದ್ರು, ಮೇಡಂ ಹೋಗಿ ಅಮ್ಮ ಬಂದಿದ್ದು ಗಮನಿಸ್ದೆ, ಕೊನೆಗೆ ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಅಂತ ಏಕವಚನಕ್ಕಿಳಿದ್ರು. ಪ್ರತಿ ಸಲಾನೂ ಅದೇ ಎರಡು ವಾಕ್ಯ ಹೇಳ್ದೆ, ಒಂದು ಪದ ಬದಲಾಯಿಸದೇ. ಸೀಟಿಗೆ ಬಂದ ತಕ್ಷಣ ನಡೆದಿದ್ದನ್ನೆಲ್ಲ ಮೇಲ್ ಮಾಡ್ದೆ, ಆರೋಪ ಇಲ್ಲ, ವಿಶೇಷಣ ಇಲ್ಲ, ಇಷ್ಟು ಗಂಟೆಗೆ ಈ ಬ್ಯಾಚಿನ ರಿಪೋರ್ಟ್ ಬಂತು, ಟೆಸ್ಟ್ ಆಗಿಲ್ಲದ ಕಾರಣ ಸೈನ್ ಮಾಡಿಲ್ಲ, ಟೆಸ್ಟ್ ಮಾಡೋಕೆ ರೆಡಿ ಇದ್ದೀನಿ.

ಅದೇ ಸಂಜೆ ಇನ್ಯಾರೋ ಸೈನ್ ಹಾಕಿದ್ರು, ಮಾಲು ಹೋಯ್ತು. ಹೀಗಾದಾಗ ಆಗೋ ಸಿಟ್ಟು ಬೇರೆ ಥರದ್ದು, ಬೈದವರ ಮೇಲೂ ಅಲ್ಲ. 1846ರಲ್ಲಿ ಅಮೆರಿಕದ ಲೇಖಕ ಥೋರೋ ತೆರಿಗೆ ಕಟ್ಟಲ್ಲ ಅಂತ ಜೈಲಿಗೆ ಹೋದ, ಗುಲಾಮಗಿರಿ ಇಟ್ಕೊಂಡಿರೋ ಸರ್ಕಾರಕ್ಕೆ ನನ್ನ ದುಡ್ಡು ಯಾಕೆ ಅಂತ. ಒಂದು ರಾತ್ರಿ ಕಳೆಯೋದ್ರೊಳಗೆ ಯಾರೋ ಅವನ ಬದಲು ಕಟ್ಟಿಬಿಟ್ರು, ಹೊರಗೆ ಕಳಿಸಿದಾಗ ಕೆಂಡಾಮಂಡಲ ಆಗಿದ್ನಂತೆ. ನನಗೆ ಅವನ ಕೋಪ ಚೆನ್ನಾಗೇ ಅರ್ಥ ಆಗತ್ತೆ.

ನನ್ನನ್ನ ಸ್ಟೋರ್ಸಿಗೆ ಹಾಕಿದ್ರು, ಇಂಕ್ರಿಮೆಂಟ್ ಆ ವರ್ಷ ಹೆಸರಿಗೆ ಮಾತ್ರ. ಸೈನ್ ಹಾಕಿದವರು ಈಗ್ಲೂ ಎದುರಿಗೆ ಸಿಕ್ಕಿದ್ರೆ ಚೆನ್ನಾಗೇ ಮಾತಾಡ್ತೀವಿ, ಅವರ ಮನೆ ಪರಿಸ್ಥಿತಿ ನನಗೆ ಗೊತ್ತು. ಆ ಮೇಲ್ ಅಲ್ಲೇ ಇದೆ, ಉತ್ತರ ಬಂದಿಲ್ಲ, ಅಳಿಸಿ ಅಂತಲೂ ಯಾರೂ ಹೇಳಿಲ್ಲ. ಸ್ಟೋರ್ಸಲ್ಲಿ ಮಾಲು ಇಳಿಸೋರು ಲೋಡು ಎಣಿಸೋ ಮುಂಚೇನೇ ಚಲನ್ ಮುಂದೆ ಹಿಡೀತಾರೆ, ಎಣಿಸೋಣ ಅಂದ್ರೆ ಟೈಮಿಲ್ಲ ಅಂತಾರೆ. ನಾನು ಸೈನ್ ಹಾಕಿ ಪಕ್ಕದಲ್ಲೇ "ಎಣಿಸಿಲ್ಲ" ಅಂತ ಬರೀತೀನಿ. ಡ್ರೈವರುಗಳು ಗೊಣಗ್ತಾರೆ, ಹಾಗೆ ಬರೆದ್ರೆ ಅವರ ಆಫೀಸಲ್ಲಿ ತಗೊಳಲ್ವಂತೆ. ಅದಕ್ಕೇ ಈಗ ಕೆಲವರು ಗಾಡಿ ನಿಲ್ಲಿಸಿದ ಕೂಡ್ಲೇ "ಬನ್ನಿ ಮೇಡಂ, ಎಣಿಸ್ಕೊಂಡುಬಿಡಿ" ಅಂತ ತಾವೇ ಕರೀತಾರೆ.